ಕೈಯಿಂದ ಕೈಗೆ ಸಾಗುವ ಮಾತು

(ಶಾಲೆಯ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ಅಂಗಳದಲ್ಲಿ ಲ್ಯಾಪ್‌ಟಾಪುಗಳ ವಿಚಾರ ಮಾತನಾಡುವುದು ಕೆಲವರಿಗೆ ಅಸಂಗತವೆನಿಸೀತು. ಆದರೆ 2020ರ ಜೂನಿನಲ್ಲಿ ಪಾಠಗಳು ತರಗತಿಯ ಕೋಣೆಯಿಂದ ಪರದೆಗೆ ಸರಿದಾಗ, ಫೋನಿಗೆ ರೇಂಜ್ ಸಿಗುವ ಜಾಗವನ್ನು ಅರಸುತ್ತ ಮಕ್ಕಳು ಗುಡ್ಡವೇರಿದ್ದನ್ನು ಕಾಸರಗೋಡಿನವರಾದ ನಾವು ಮರೆತಿಲ್ಲ. ಪಾಠವು ದೂರದ ಒಂದೇ ಟವರನ್ನು ನೆಚ್ಚಿಕೊಂಡಿರುವಷ್ಟು ಕಾಲ, ಟವರು ಮೌನವಾದ ದಿನ ಪಾಠವೂ ಮೌನವಾಗುತ್ತದೆ. ಇದಕ್ಕೆ ನಮ್ಮ ಕೈಯಲ್ಲೇ ಇರುವ ಒಂದು ಉಪಾಯವನ್ನು ಇಂದು ತಮ್ಮ ಮುಂದಿಡುತ್ತೇನೆ.

ಸಾಮಾನ್ಯ ವೈಫೈಯಲ್ಲಿ ಎಲ್ಲ ಲ್ಯಾಪ್‌ಟಾಪುಗಳೂ ಒಂದು ರೂಟರಿನೊಡನೆ ಮಾತನಾಡುತ್ತವೆ. ಅಕ್ಕಪಕ್ಕದಲ್ಲಿರುವ ಎರಡು ಯಂತ್ರಗಳ ನಡುವಿನ ಮಾತೂ ಅದರ ಮೂಲಕವೇ ಹಾಯಬೇಕು. ರೂಟರು ಕೆಟ್ಟರೆ ಎಲ್ಲವೂ ನಿಂತಿತು. ಮೆಶ್ ಜಾಲದಲ್ಲಿ ಅಂಥ ಒಡೆಯನಿಲ್ಲ. ಮದುವೆಯ ಮನೆಯಲ್ಲಿ ಬಾವಿಕಟ್ಟೆಯಿಂದ ಅಡುಗೆಯ ಚಪ್ಪರದವರೆಗೆ ಸಾಲಾಗಿ ನಿಂತು ಕೊಡಪಾನ ದಾಟಿಸುವಂತೆ, ಪ್ರತಿಯೊಂದು ಲ್ಯಾಪ್‌ಟಾಪೂ ತನ್ನದಲ್ಲದ ಸಂದೇಶವನ್ನು ಪಡೆದು ಮುಂದಿನದಕ್ಕೆ ದಾಟಿಸುತ್ತದೆ. ನಡುವಿನ ಒಂದು ಯಂತ್ರ ಆರಿಹೋದರೆ, ನೆರೆಯಲ್ಲಿ ಇನ್ನೊಂದಿರುವ ತನಕ ಸಂದೇಶವು ಬೇರೆ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಇದನ್ನು ಶಾಲಾಮಕ್ಕಳಿಗಾಗಿಯೇ ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದವರು ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಸಂಸ್ಥೆಯವರು. ನಿಕೊಲಸ್ ನೆಗ್ರೊಪಾಂಟೆಯವರು 2005ರಲ್ಲಿ ಜಗತ್ತಿನ ಮುಂದಿಟ್ಟ ಈ ಯೋಜನೆಯ ಎಕ್ಸ್‌ಒ ಎಂಬ ಪುಟ್ಟ ಲ್ಯಾಪ್‌ಟಾಪು 2007ರ ಕೊನೆಯಲ್ಲಿ ಕಾರ್ಖಾನೆಯಿಂದ ಹೊರಬಂತು. ಅದೇ ವರ್ಷ ಮಹಾರಾಷ್ಟ್ರದ ಖೈರಾಟ್ ಎಂಬ ಹಳ್ಳಿಯ ಪುಟ್ಟ ಶಾಲೆಯಲ್ಲಿಯೂ ಅದರ ಪ್ರಯೋಗ ನಡೆಯಿತು. ಲ್ಯಾಪ್‌ಟಾಪು ನಿದ್ರಿಸುತ್ತಿದ್ದರೂ ಅದರ ವೈಫೈ ಚಿಪ್ಪು ಎಚ್ಚರವಿದ್ದು ನೆರೆಯವರ ಸಂದೇಶವನ್ನು ದಾಟಿಸಬೇಕೆಂಬುದು ಅದರ ವಿನ್ಯಾಸವಾಗಿತ್ತು.

ಅನುಭವ ಬೇರೆಯೇ ಒಂದು ಪಾಠವನ್ನು ಕಲಿಸಿತು. ಒಂದೇ ಕೋಣೆಯಲ್ಲಿ ಹತ್ತಾರು ಯಂತ್ರಗಳು ಕೂಡಿದಾಗ, ‘ನಾನಿಲ್ಲಿದ್ದೇನೆ’ ಎಂದು ಅವು ಪರಸ್ಪರ ಸಾರುವ ಗದ್ದಲದಲ್ಲೇ ಜಾಲ ಕಟ್ಟಿಹೋಗುತ್ತಿತ್ತು. ಮುಂದಿನ ಮಾದರಿಗಳಲ್ಲಿ ಆ ಏರ್ಪಾಡನ್ನು ಕೈಬಿಡಲಾಯಿತು. ಮೆಶ್ ಇರುವುದು ದೂರವನ್ನು ದಾಟಲು. ಗುಂಪನ್ನು ನಿಭಾಯಿಸಲು ಅದು ತಕ್ಕುದಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ನಮ್ಮ ಪ್ರಯೋಗ ಕೆಡದು.

ನಮಗೆ ಅನುಕೂಲಗಳಿವೆ. 2005ರಿಂದ ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈಫೈ ತರಂಗಗಳಿಗೆ ಪರವಾನಗಿ ಬೇಕಿಲ್ಲ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆಯ ಮೂಲಕ ಬಂದಿರುವ ಲ್ಯಾಪ್‌ಟಾಪುಗಳು ಗ್ನೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ಬರ್ಲಿನ್ನಿನ ಫ್ರೈಫುಂಕ್ ಬಳಗದಲ್ಲಿ ಹುಟ್ಟಿದ ‘ಬ್ಯಾಟ್‌ಮನ್’ ಎಂಬ ಮೆಶ್ ತಂತ್ರಾಂಶ 2011ರಿಂದ ಲಿನಕ್ಸ್‌ನ ತಿರುಳಿನಲ್ಲೇ ಸೇರಿದೆ. ಹಣ ಕೊಟ್ಟು ಕೊಳ್ಳಬೇಕಾದುದಲ್ಲ.

ಕೆಲಸದ ಕ್ರಮ ಹೀಗೆ. ಎಲ್ಲ ಲ್ಯಾಪ್‌ಟಾಪುಗಳ ವೈಫೈ ಉಪಕರಣವೂ ಈ ಬಗೆಯ ಜೋಡಣೆಗೆ ಒಪ್ಪುವುದಿಲ್ಲ. ಮೊದಲು ಅದನ್ನು ಪರೀಕ್ಷಿಸಬೇಕು. ಒಪ್ಪಿದವುಗಳನ್ನು ರೂಟರಿಲ್ಲದ ‘ಅಡ್‌ಹಾಕ್’ ಸ್ಥಿತಿಗೆ ತಂದು, ಎಲ್ಲಕ್ಕೂ ಒಂದೇ ಜಾಲದ ಹೆಸರು, 1, 6, 11ರಲ್ಲಿ ಯಾವುದಾದರೂ ಒಂದೇ ಚಾನೆಲ್, ಆದರೆ ಬೇರೆ ಬೇರೆ ವಿಳಾಸ ಕೊಡಬೇಕು. ಇಷ್ಟರಿಂದ ನೇರವಾಗಿ ‘ಕೇಳಿಸುವ’ ಯಂತ್ರಗಳು ಮಾತ್ರ ಮಾತನಾಡುತ್ತವೆ. ದಾಟಿಸುವ ಕೆಲಸವನ್ನು ಕಲಿಸುವುದು ಬ್ಯಾಟ್‌ಮನ್. ಒಂದೇ ರೇಡಿಯೋ ಕೇಳುವ ಕೆಲಸವನ್ನೂ ಹೇಳುವ ಕೆಲಸವನ್ನೂ ಮಾಡಬೇಕಾದುದರಿಂದ ಪ್ರತಿ ದಾಟಿಗೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ಮೂರು ದಾಟಿಗಳಲ್ಲಿ ಕೆಲಸ ಮುಗಿಯುವಂತೆ ಯಂತ್ರಗಳನ್ನು ಇರಿಸುವುದು ಲೇಸು. ದಪ್ಪ ಮುರಕಲ್ಲಿನ ಗೋಡೆಯೂ ಮಳೆಗೆ ತೊಯ್ದ ಅಡಿಕೆ ತೋಟವೂ ಈ ತರಂಗಗಳನ್ನು ಹೀರುತ್ತವೆ. ಆದ್ದರಿಂದ ಕಿಟಕಿ, ಮಹಡಿ, ಜಗಲಿಗಳನ್ನು ಆರಿಸಿಕೊಳ್ಳಬೇಕು.

ಇಷ್ಟೆಲ್ಲ ಯಾತಕ್ಕೆ? ಒಂದು ಲ್ಯಾಪ್‌ಟಾಪಿನಲ್ಲಿ ಕನ್ನಡ ಪಠ್ಯಪುಸ್ತಕಗಳನ್ನೂ, ಕಿವಿಕ್ಸ್ ತಂತ್ರಾಂಶದ ಮೂಲಕ ಇಡಿಯ ಕನ್ನಡ ವಿಕಿಪೀಡಿಯವನ್ನೂ, ನಮ್ಮ ಅಧ್ಯಾಪಕರ ಧ್ವನಿಯಲ್ಲಿ ಮುದ್ರಿಸಿದ ಪಾಠಗಳನ್ನೂ ತುಂಬಿಡಬಹುದು. ಇಂಟರ್ನೆಟ್ ಇಲ್ಲದ ದಿನವೂ, ಬ್ಯಾಟರಿ ಇರುವ ತನಕ, ಅವು ಶಾಲೆಯ ಮೂಲೆಮೂಲೆಗೆ, ಹತ್ತಿರದ ಮನೆಗಳ ಜಗಲಿಗೆ ತಲಪುತ್ತವೆ. ಸಂಖ್ಯೆಯಲ್ಲಿ ಕಡಿಮೆಯಿರುವ ಭಾಷೆಯ ಮಕ್ಕಳಿಗೆ ಬೇಕಾದುದನ್ನು ದೂರದವರು ಸಿದ್ಧಪಡಿಸಿ ಕಳುಹಿಸುವುದು ಹಲವು ವೇಳೆ ತಡವಾಗುತ್ತದೆ. ನಮ್ಮ ಭಂಡಾರವನ್ನು ನಾವೇ ತುಂಬಿ, ನಾವೇ ಹಂಚಿಕೊಂಡರೆ ಆ ಕಾಯುವಿಕೆ ತಪ್ಪುತ್ತದೆ.

ಹಳೆವಿದ್ಯಾರ್ಥಿಗಳಲ್ಲಿ ಮನವಿ ಇಷ್ಟೇ. ಮೂಲೆ ಸೇರಿದ, ಆದರೆ ಇನ್ನೂ ನಡೆಯುವ ಲ್ಯಾಪ್‌ಟಾಪು ತಮ್ಮಲ್ಲಿದ್ದರೆ ಶಾಲೆಗೆ ಕೊಡಿ. ಬಲ್ಲವರು ಒಂದು ಶನಿವಾರ ಬಂದು ಮಕ್ಕಳೊಡನೆ ಕುಳಿತುಕೊಳ್ಳಿ. ಐದು ಯಂತ್ರಗಳಿದ್ದರೆ ಮುಂದಿನ ಮಳೆಗಾಲಕ್ಕೆ ಮುನ್ನವೇ ಆರಂಭಿಸಬಹುದು. ಜಾಲದ ನಡುವಿನ ಯಂತ್ರಕ್ಕೆ ತಾನು ದಾಟಿಸುವ ಮಾತಿನಿಂದ ಸ್ವಂತ ಲಾಭವೇನೂ ಇಲ್ಲ. ಆದರೂ ಅದು ಅಲ್ಲಿರುವುದರಿಂದಲೇ ಕೊನೆಯ ಮಗುವಿಗೆ ಪಾಠ ತಲಪುತ್ತದೆ. ನೂರು ವರ್ಷ ಈ ಶಾಲೆಯನ್ನು ನಡೆಸಿದವರೂ ಆ ಕೆಲಸವನ್ನೇ ಮಾಡಿದರು.