ಮಗುವಿಗಿಂತ ಚಿಂಪಾಂಜಿ ಜಾಣನೇ?

ಟೋಪಿ ಮಾರುವವನ ಕಥೆ ನಿಮಗೆಲ್ಲ ಗೊತ್ತು. ಕಂಡದ್ದನ್ನು ಮಾಡುವುದು ಮಂಗನ ಗುಣವೆಂದೇ ನಂಬಿದ್ದೇವೆ. 2005ರಲ್ಲಿ ವಿಕ್ಟೋರಿಯಾ ಹಾರ್ನರ್, ಆಂಡ್ರ್ಯೂ ವೈಟನ್ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ಪೆಟ್ಟಿಗೆಯೊಳಗಿನ ಬಹುಮಾನ ತೆಗೆಯುವ ಬಗೆಯನ್ನು ಚಿಂಪಾಂಜಿಗಳಿಗೂ ಮೂರು-ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ನಡುವೆ ಕೋಲಿನಿಂದ ಕುಟ್ಟುವ ವ್ಯರ್ಥ ಕೆಲಸವೂ ಇತ್ತು. ಪೆಟ್ಟಿಗೆ ಪಾರದರ್ಶಕವಾದಾಗ ಚಿಂಪಾಂಜಿಗಳು ಕುಟ್ಟುವುದನ್ನು ಬಹುಮಟ್ಟಿಗೆ ಬಿಟ್ಟವು. ಮಕ್ಕಳು ಆಗಲೂ ಕುಟ್ಟಿದರು!

ಪೆದ್ದತನವೇ? ನನಗೆ ಹಾಗನ್ನಿಸದು. ಅಮೆಜಾನಿನ ಟುಕಾನೊ ಜನ ಕಹಿ ಮರಗೆಣಸನ್ನು ತುರಿದು, ತೊಳೆದು, ದಿನಗಟ್ಟಲೆ ಇಟ್ಟು, ಬೇಯಿಸಿ ತಿನ್ನುತ್ತಾರೆ. ಕಹಿ ಹೋಯಿತಲ್ಲ ಎಂದು ಜಾಣನೊಬ್ಬ ಉಳಿದ ಹಂತ ಬಿಟ್ಟರೆ, ಸಯನೈಡ್ ಸದ್ದಿಲ್ಲದೆ ವರ್ಷಗಟ್ಟಲೆ ಮೈ ಸೇರುತ್ತದೆ. ಇಂಥ ವಿದ್ಯೆ ಉಳಿಯುವುದು ಕಾರಣ ಕೇಳದೆ ಕಲಿತವರಿಂದ.

ಅದಕ್ಕೆ ಸಮಯವೂ ಬೇಕು. ಹುಟ್ಟಿದಾಗ ನಮ್ಮ ಮಿದುಳು ದೊಡ್ಡವರದರ ಮೂರನೇ ಒಂದು ಭಾಗವೂ ಇರದು. ಚಿಂಪಾಂಜಿ ಮರಿಯದು ಸುಮಾರು ಶೇ. 40. ಮಿಕ್ಕಿದ್ದೆಲ್ಲ ಬೆಳೆಯುವುದು ಹೊರಗೆ, ಹಿರಿಯರ ಕೈ ನೋಡುತ್ತ.