ಅಟ್ಟದ ಮೇಲಿನ ಬಾಣಂತಿ



ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಮಗ್ಗುಲಿನ ಬಡಾವಣೆಯೊಂದರಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಒಂದು ಸೀಬೆ ಮರ, ಎರಡು ಪಪ್ಪಾಯಿ ಗಿಡ, ಹಳೇ ಸಾಮಾನು ತುಂಬುವ ಹೆಂಚಿನ ಕೋಣೆ. ಕಳೆದ ವರ್ಷ ಆ ಕೋಣೆಯ ಅಟ್ಟದಲ್ಲಿ ರಾತ್ರಿ ಹೊತ್ತು ದಡಬಡ ಸದ್ದು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಕಾಂಪೌಂಡ್ ಗೋಡೆಯ ಮೇಲೆ ಸೀಬೆ ಬೀಜವೇ ತುಂಬಿದ ಹಿಕ್ಕೆ. ಒಂದು ರಾತ್ರಿ ಏಣಿ ಹತ್ತಿ ಟಾರ್ಚ್ ಬಿಟ್ಟೆ. ಮುಖಕ್ಕೆ ಮಸಿ ಬಳಿದಂತೆ ಕಪ್ಪು, ಮೈಯಷ್ಟೇ ಉದ್ದದ ಬಾಲ. ಜನ ಪುನುಗು ಬೆಕ್ಕು ಎಂದು ಕರೆಯುವ ಪ್ರಾಣಿ. ಅದರ ಹೊಟ್ಟೆಗೆ ಅಂಟಿಕೊಂಡು, ಹರಿದ ಗೋಣಿಚೀಲದ ಮೇಲೆ, ಮೂರು ಮರಿ.

ನಾನು ಕೆಳಗಿಳಿದವನೇ ಫೋನ್ ಕೈಗೆತ್ತಿಕೊಂಡೆ. ಯಾರನ್ನಾದರೂ ಕರೆಸಿ, ಹಿಡಿಸಿ, ದೂರದ ಕಾಡಿಗೆ ಬಿಡಿಸಿಬಿಡೋಣ ಅಂತ. ಅಮ್ಮ ತಡೆದರು. "ಬಾಣಂತೀನ ಯಾರಾದ್ರೂ ಆಚೆಗೆ ಹಾಕ್ತಾರೇನೋ? ಮರಿ ಓಡಾಡೋ ಹಾಗಾಗ್ಲಿ, ತಾನೇ ಹೋಗ್ತಾಳೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 'ಕಾಡಿಗೆ ಬಿಡಿಸುವುದು' ಎಂಬ ಮಾತು ಕಿವಿಗೆ ದಯೆಯ ಹಾಗೆ ಕೇಳಿಸುತ್ತದೆ. ಆದರೆ ಯಾರ ಮೇಲಿನ ದಯೆ ಅದು? ಬೋನಿಗೆ ತಾಯಿ ಬಿದ್ದರೆ ಅಟ್ಟದಲ್ಲಿ ಮರಿಗಳು ಹಸಿದು ಸಾಯುತ್ತವೆ. ತಾಯಿಗಾದರೂ ಹೊಸ ಜಾಗದಲ್ಲಿ ಯಾವ ಮರ ಹಣ್ಣು ಬಿಟ್ಟಿದೆ, ಎಲ್ಲಿ ನೀರಿದೆ, ಹಗಲು ಎಲ್ಲಿ ಅಡಗಬೇಕು, ಒಂದೂ ಗೊತ್ತಿರುವುದಿಲ್ಲ. ಚೀಲದಲ್ಲಿ ಹಾಕಿ ಎಲ್ಲೋ ಬಿಟ್ಟುಬರುವ ಕೇರೆ ಹಾವಿನ ಪಾಡೂ ಅದೇ.  ಅಸಲಿಗೆ ನನಗೆ ಬೇಕಿದ್ದದ್ದು ಆ ಪ್ರಾಣಿಯ ಸುಖವಲ್ಲ, ನನ್ನ ನಿದ್ದೆ. ಅದಕ್ಕೆ ಕರುಣೆಯ ಹೆಸರು ಕೊಟ್ಟಿದ್ದೆ.

ನಾವು ಮಾಡಿದ್ದು ಇಷ್ಟೇ. ಕೋಣೆಗೆ ಬೀಗ ಹಾಕಿದೆವು, ಮಕ್ಕಳನ್ನು ಅತ್ತ ಬಿಡಲಿಲ್ಲ. ಹಾಲು, ಅನ್ನ ಏನನ್ನೂ ಇಡಲಿಲ್ಲ. ಅನ್ನ ಹಾಕಿ ರೂಢಿ ಮಾಡಿಸುವುದೂ ಕೇಡೇ. ಸುಮಾರು 2 ತಿಂಗಳಿಗೆ ಮರಿಗಳು ತಾಯಿಯ ಬೆನ್ನ ಹಿಂದೆ ಗೋಡೆಯ ಮೇಲೆ ಸಾಲಾಗಿ ನಡೆಯತೊಡಗಿದವು. ಒಂದು ದಿನ ಸದ್ದು ನಿಂತಿತು. ಮತ್ತೆರಡು ವಾರ ಕಾದು, ಅಟ್ಟ ಗುಡಿಸಿ, ಹೆಂಚಿನ ಸಂದಿಗೆ ಜಾಲರಿ ಬಡಿಸಿದೆವು.

ಎಲ್ಲಕ್ಕೂ ಹೀಗೆ ಕಾಯಲಾಗದು ನಿಜ. ಚಿರತೆ ಕಂಡರೆ ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಗೆ ತಿಳಿಸಬೇಕು. ಮನೆಯೊಳಗೆ ವಿಷದ ಹಾವು ಬಂದರೆ ತಿಳಿದವರನ್ನೇ ಕರೆಯಬೇಕು. ಆದರೆ ಹಿತ್ತಲಿಗೆ ಬರುವ ಹೆಚ್ಚಿನ ಜೀವಗಳು ಮುಂಗುಸಿ, ಉಡ, ಪುನುಗು ಬೆಕ್ಕಿನಂಥವು. ಅವು ನಮ್ಮನ್ನು ಕಂಡರೆ ತಾವೇ ಓಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳನ್ನು ಕಾಪಾಡುತ್ತದೆ; ಮನಬಂದಂತೆ ಬೋನಿಟ್ಟು ಹಿಡಿಯುವಂತಿಲ್ಲ.

ಇವತ್ತು ರಾತ್ರಿ ನಿಮ್ಮ ಹೆಂಚಿನ ಮೇಲೆ ಸದ್ದಾದರೆ, ಫೋನ್ ಎತ್ತುವ ಮುಂಚೆ ದಯವಿಟ್ಟು ಒಮ್ಮೆ ನೋಡಿ, ಜೊತೆಯಲ್ಲಿ ಮರಿಗಳಿವೆಯೇ ಎಂದು.