ಬಾಯೊಳಗಿನ ಕರೆಗಂಟೆ



ಬಿಸಿ ಕಾಫಿಗೆ ನಾಲಿಗೆ ಸುಟ್ಟುಕೊಳ್ಳದವರು ಯಾರಿದ್ದಾರೆ? ನಾಲ್ಕಾರು ದಿನಗಳಲ್ಲಿ ಅದು ತಾನಾಗಿ ಮಾಯುತ್ತದೆ. ಅಕ್ಕಪಕ್ಕದ ಜೀವಕೋಶಗಳು ವಿಭಜನೆಗೊಂಡು ಸುಟ್ಟ ಜಾಗವನ್ನು ತುಂಬುತ್ತವೆ, ತುಂಬಿದೊಡನೆ ನಿಲ್ಲುತ್ತವೆ. ‘ಬೆಳೆ’ ಎಂಬ ಅಪ್ಪಣೆ ಅವಕ್ಕೆ ಎಲ್ಲಿಂದ ಬರುತ್ತದೆ?

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯಲ್ಲಿ ಇಂಥ ಅಪ್ಪಣೆ ಹೊತ್ತ ಒಂದು ಪ್ರೋಟೀನನ್ನು ಕಂಡುಹಿಡಿದರು. ಅದನ್ನು ಚುಚ್ಚಿದ ಇಲಿಮರಿಗಳು ಬೇಗನೆ ಕಣ್ಣು ತೆರೆದವು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿಯವರೊಂದಿಗೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಜೊಲ್ಲಿನಲ್ಲೂ ಈ ಬೆಳವಣಿಗೆಯ ಅಂಶ ಇದೆ.

ಆದರೆ ಈ ಪ್ರೋಟೀನು ತಾನೇ ಒಳಹೊಕ್ಕು ಆಜ್ಞೆ ಮಾಡುವುದಿಲ್ಲ. ಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಗ್ರಾಹಕಗಳಿವೆ. ಮನೆಬಾಗಿಲಿನ ಕರೆಗಂಟೆ ಎನ್ನಿ. ಹೊರಗೆ ಒತ್ತಿದರೆ ಒಳಗೆ ಸದ್ದು. ಆ ಸುದ್ದಿ ಕೈಯಿಂದ ಕೈಗೆ ಸಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಕೆಲಸವಾದ ಬಳಿಕ ಕೋಶ ಆ ಗ್ರಾಹಕವನ್ನು ಒಳಗೆಳೆದುಕೊಂಡು ಗಂಟೆಯನ್ನು ಸುಮ್ಮನಾಗಿಸುತ್ತದೆ.

ಬಾಯಿಯ ಕ್ಯಾನ್ಸರಿನ ಬಹುಪಾಲು ಗಡ್ಡೆಗಳಲ್ಲಿ ಈ ಗ್ರಾಹಕಗಳು ಮಿತಿಮೀರಿ ಇರುತ್ತವೆ. ಒಂದು ಗಂಟೆ ಇರಬೇಕಾದಲ್ಲಿ ಹತ್ತು ಗಂಟೆಗಳು ಬಾರಿಸಿದಂತೆ. ಕ್ಯಾನ್ಸರಿಗೆ ಇದೊಂದೇ ಕಾರಣವಲ್ಲ. ‘ಸಾಕು’ ಎನ್ನುವ ಜೀನುಗಳೂ ಆ ವೇಳೆಗೆ ಕೆಟ್ಟಿರುತ್ತವೆ.

ಹಾಗಾದರೆ ಗಂಟೆಯನ್ನೇ ಮುಚ್ಚಿದರೆ? ಅಂಥ ಔಷಧಿಗಳು ಬಂದಿವೆ. ಕ್ಯೂಬಾದಲ್ಲಿ ರೂಪುಗೊಂಡ ನಿಮೊಟುಜುಮಾಬ್ ಅನ್ನು 2006ರಲ್ಲಿ ಭಾರತಕ್ಕೆ ತಂದದ್ದು ಬೆಂಗಳೂರಿನ ಬಯೋಕಾನ್. ಇಂಥವು ವಿಕಿರಣ ಚಿಕಿತ್ಸೆಗೆ ಬೆಂಬಲವಾಗುತ್ತವೆ, ನಿಜ. ಆದರೆ ಕ್ಯಾನ್ಸರು ಬರುವ ಮೊದಲೇ ತಡೆಯಬಲ್ಲವೆ? ಅಪಾಯಕಾರಿ ಮಚ್ಚೆಗಳಿದ್ದವರಿಗೆ ಎರ್ಲೊಟಿನಿಬ್ ಮಾತ್ರೆಯನ್ನು ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂತು. ಹುಸಿಮಾತ್ರೆ ನುಂಗಿದವರಿಗಿಂತ ಇವರಿಗೆ ಹೆಚ್ಚಿನ ರಕ್ಷಣೆ ಸಿಗಲಿಲ್ಲ.

ಆದ್ದರಿಂದ ಗಂಟೆಗಳು ಹೆಚ್ಚುವ ಮೊದಲೇ ಎಚ್ಚರವಾಗುವುದು ಲೇಸು. ತಂಬಾಕು ಹಾನಿಕರವೆಂದು ನಾವೆಲ್ಲ ಬಲ್ಲೆವು. ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಅಡಿಕೆ ಬೆಳೆದು, ಮಡಿಲಿಗಿಟ್ಟು, ಮರ್ಯಾದೆ ಮಾಡುವ ನಾಡಿನವರಾದ ನಮಗೆ ಇದು ಕಹಿಯಾದ ಮಾತು. ಆದರೂ ಕೇಳಬೇಕಾದ ಮಾತು.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲಾಗದ ಬಿಗಿತ — ಇವು ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ. ಇದಕ್ಕೆ ಪ್ರಯೋಗಾಲಯ ಬೇಡ; ಒಂದು ಕನ್ನಡಿ, ಒಂದಿಷ್ಟು ಬೆಳಕು ಸಾಕು.